ರೆಪ್ಪೆ ಮುಚ್ಚದವನು

ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಒಬ್ಬ ಗಂಡಸು ದಿನಾ ತನ್ನನ್ನೇ ದಿಟ್ಟಿಸುತ್ತಾನೆಂದು ಪ್ರಫುಲ್ಲಾಗೆ ಅನ್ನಿಸತೊಡಗಿತ್ತು. ಮೊದಮೊದಲು ಮುಖ ತಿರುಗಿಸಿ ನಿಂತಳು. ಆಮೇಲೊಂದು ಬೆಳಿಗ್ಗೆ ತಡೆಯಲಾಗದೆ ನೇರ ಅವನೆದುರು ಹೋದಳು.

“ಎಂತ ನೋಡುದು ನೀವು? ಮನೆಯಲ್ಲಿ ಅಕ್ಕತಂಗಿ ಇಲ್ವಾ?”

ಲೋಕಲ್‌ಗೆ ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದರು. ಅವನು ಎತ್ತರದ ಆಳು, ತೀರಾ ತೆಳ್ಳಗಿದ್ದ. ಜನವರಿಯ ತಂಪಿನಲ್ಲೂ ಹಣೆ ಬೆವೆತಿತ್ತು. ಕಣ್ಣುಗಳು ಹೊರಗೇ ಬಂದುಬಿಡುವಂತಿದ್ದವು. ಕರಿಗುಡ್ಡೆಯ ಕೆಳಗಷ್ಟೇ ಅಲ್ಲ, ಮೇಲೂ ಬಿಳುಪು ಕಾಣುತ್ತಿತ್ತು.

“ನಿಮ್ಮನ್ನ ನೋಡೂದ ನನಗ ಕೆಲಸೇನ್ರಿ?” ಎಂದು ಅವನು ಗುಡುಗಿದ. “ನಿಮ್ಮ ತಲಿ ಮ್ಯಾಲೆ ಗಡಿಯಾರ ಐತಿ. ಅದನ್ನ ನೋಡಾಕತ್ತೀನಿ.”

“ಗಡಿಯಾರವನ್ನು ಯಾರಾದ್ರೂ ಹೀಗೆ ತಿನ್ನುವ ಹಾಗೆ ನೋಡ್ತಾರಾ?”

“ಗಾಡಿ ಲೇಟಾದ್ರ ನೋಡ್ತಾರ. ಬಾಜೂ ಸರೀರಿ.”

ಅವಳು ತಿರುಗಿ ನೋಡಿದಳು. ತಲೆಯ ಮೇಲೆ ನಿಜಕ್ಕೂ ಗಡಿಯಾರವಿತ್ತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಆ ಸಂಜೆ ಆಫೀಸಿನಿಂದ ಬಂದು ಖೋಲಿಯ ಬಾಗಿಲು ತೆರೆದರೆ, ಅದೇ ಕಣ್ಣುಗಳು ಎದುರಿನ ಗ್ಯಾಲರಿಯಲ್ಲಿದ್ದವು.

ಅವನ ಹೆಸರು ಬಸವಂತಪ್ಪ. ಧಾರವಾಡದವನು. ಫೋರ್ಟ್ ಬಡಾವಣೆಯ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ತಾಯಿ ಚಂದ್ರವ್ವನೊಂದಿಗೆ, ಅಂಗಳದ ಸುತ್ತ ಒಂದೊಂದು ಖೋಲಿಯ ಮನೆಗಳಿದ್ದ ಈ ಚಾಳಿಗೆ ಹೊಸದಾಗಿ ಬಂದಿದ್ದ. ಪ್ರಫುಲ್ಲಾ ಟೈಪಿಸ್ಟ್; ಅಣ್ಣ ಚೆನ್ನಯನ ಜೊತೆ ಇದ್ದಳು. ಚಾಳಿನ ಮೂಲೆಯಲ್ಲಿದ್ದ ಉಡುಪಿ ಹೋಟೆಲು ಚೆನ್ನಯನದು. ತಂಗಿಯ ದೂರು ಕೇಳಿ ಅವನು ಸಮಯಕ್ಕಾಗಿ ಕಾದ. ಬಹಳ ಕಾಯಬೇಕಾಗಲಿಲ್ಲ.

ಬಸವಂತಪ್ಪ ಚಹಾ ಕುಡಿಯಲು ಹೋಟೆಲಿಗೆ ಬಂದ. ಕಪ್ಪು ಎತ್ತುವಾಗ ಬೆರಳು ನಡುಗಿ ಕೆಳಗಿನ ಬಸಿ ಕಟಕಟ ಎಂದಿತು; ಚಹಾ ಮೇಜಿನ ತುಂಬ ಚೆಲ್ಲಿತು.

“ಬೆಳಿಗ್ಗೆಯೇ ಹಾಕ್ಕೊಂಡು ಬಂದದ್ದಾ?” ಎಂದ ಚೆನ್ನಯ.

“ನಾ ಕುಡಿಯಂಗಿಲ್ರಿ.”

“ಕುಡಿಯದೆ ಇದ್ರೆ ಕೈ ಯಾಕೆ ನಡುಗ್ತದೆ? ನನ್ನ ತಂಗಿಯನ್ನು ಇನ್ನೊಮ್ಮೆ ನೋಡಿದ್ರೆ ಆ ಕಣ್ಣನ್ನೇ ಕೀಳ್ತೇನೆ.”

ಬಸವಂತಪ್ಪ ಕಪ್ಪನ್ನು ನೆಲಕ್ಕೆ ಅಪ್ಪಳಿಸಿದ. ಚೆನ್ನಯ ಅವನ ಕಾಲರು ಹಿಡಿದು ಬೀದಿಗೆ ತಳ್ಳಿದ. ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಪ್ರಫುಲ್ಲಾಗೆ ಅಂದು ಊಟ ರುಚಿಸಿತು.

ಆಮೇಲೆ ಜಗಳ ಅಂಗಳದ ನಲ್ಲಿಗೆ ಬಂತು. “ನನ್ನ ಮಗನ ಕಣ್ಣಿಗೆ ಬೀಳ್ಲಿ ಅಂತನ ಗ್ಯಾಲರಿಯೊಳಗ ನಿಂತು ತಲಿ ಬಾಚ್ಕೋತಾಳ,” ಎಂದು ಚಂದ್ರವ್ವ ನಾಲ್ಕು ಜನಕ್ಕೆ ಕೇಳುವಂತೆ ಅಂದಳು. ಪ್ರಫುಲ್ಲಾ ಬಾಲ್ದಿಯನ್ನು ಕುಕ್ಕಿ, “ನಿಮ್ಮ ಮಗನಿಗೆ ಕಣ್ಣು ಮುಚ್ಚಲು ಕಲಿಸಿ ಮೊದಲು,” ಎಂದಳು. ತಾನು ಅಂದದ್ದು ಎಷ್ಟು ನಿಜವೆಂದು ಅವಳಿಗೇ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಒಣಗಿಸುತ್ತಿದ್ದಳು. ಎದುರಿನ ಗ್ಯಾಲರಿಯಲ್ಲಿ ಅವನು ಕುರ್ಚಿಗೆ ಒರಗಿ ಎವೆಯಿಕ್ಕದೆ ಇತ್ತಲೇ ನೋಡುತ್ತಿದ್ದ. ಅವಳು ಹಿಂಡುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು, ಅಂಗಳ ದಾಟಿ, ಮತ್ತೆ ಮೆಟ್ಟಿಲು ಹತ್ತಿ ಅವನೆದುರು ನಿಂತಳು.

“ನಾಚಿಕೆ ಮಾನ ಮರ್ಯಾದೆ ಏನಾದ್ರೂ ಉಂಟಾ ನಿಮಗೆ? ಅಣ್ಣ ಕೊಟ್ಟದ್ದು ಸಾಕಾಗ್ಲಿಲ್ವಾ? ಪೊಲೀಸರನ್ನು ಕರೀಬೇಕಾ?”

ಬೈದಳು, ಇನ್ನೂ ಬೈದಳು. ಅವನು ಅಲ್ಲಾಡಲಿಲ್ಲ. ಉಸಿರು ತೆಗೆದುಕೊಳ್ಳಲು ಅವಳು ನಿಂತಾಗ ಸಣ್ಣಗೆ ಗೊರಕೆ ಕೇಳಿಸಿತು.

ಅವನು ನಿದ್ದೆಯಲ್ಲಿದ್ದ.

ರೆಪ್ಪೆಗಳು ಅರ್ಧಕ್ಕೇ ನಿಂತಿದ್ದವು. ನಡುವೆ ಬಿಳಿ ಗುಡ್ಡೆ ಬಿಸಿಲಿಗೆ ಒಣಗಿ ಕೆಂಪಾಗಿತ್ತು. ಒಂದು ನೊಣ ಬಂದು ಕಣ್ಣಿನ ಅಂಚಿಗೆ ಕೂತಿತು. ಅವಳಿಗೆ ತನ್ನ ಕಣ್ಣೇ ಉರಿದಂತಾಗಿ, ಸೆರಗಿನಿಂದ ನೊಣವನ್ನು ಓಡಿಸಿದಳು.

ಅವನು ಧಡಕ್ಕನೆ ಎದ್ದ. “ಏನ್ರಿ! ಮನೀ ಮಟಾ ಬಂದ್ರಿ ಜಗಳಾ ಮಾಡಾಕ?”

“ಜಗಳ ಆಯ್ತು. ನೀವು ಮಲಗಿದ್ರಿ.” ಅವಳು ಒಳಗೆ ಇಣುಕಿ ಚಂದ್ರವ್ವನನ್ನು ಕೇಳಿದಳು, “ಇವರು ಮಲಗಿದಾಗಲೂ ಕಣ್ಣು ಮುಚ್ಚುದಿಲ್ವಾ?”

ಚಂದ್ರವ್ವ ಬೈಯಲೆಂದೇ ಹೊರಗೆ ಬಂದವಳು. ಆದರೆ ಅಷ್ಟು ತಿಂಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. “ದೀಪಾವಳಿಯಿಂದ ಹಿಂಗ ಆಗೇತಿ. ಹರಳೆಣ್ಣಿ ಹಚ್ಚಿದೆ, ದೃಷ್ಟಿ ತೆಗದೆ. ಮದ್ಲಿನ ಎರಡರಷ್ಟು ರೊಟ್ಟಿ ತಿಂತಾನ, ಆದ್ರೂ ಸೊರಗಾಕತ್ತಾನ. ಹಗಲೂ ರಾತ್ರಿ ಸಿಡಿಸಿಡಿ ಅಂತಾನ.”

“ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

“ಯಾಕ?” ಎಂದ ಬಸವಂತಪ್ಪ. “ನಿಮ್ಮಣ್ಣ ಕೀಳ್ತೀನಂದಾನಲ್ಲ. ಮತ್ತ ಡಾಕ್ಟರ್ ಯಾಕ?”

“ನಿಮಗಾಗಿ ಅಲ್ಲ. ನಾನು ಬೈಯುವಾಗ ಮನುಷ್ಯ ಎಚ್ಚರ ಇರ್ಬೇಕು.”

ಆಸ್ಪತ್ರೆಯ ಡಾಕ್ಟರು ಕಾರವಾರದ ಕಡೆಯವರು, ಕನ್ನಡ ಬಲ್ಲವರು. ಅವರು ಕಣ್ಣಿಗಿಂತ ಮೊದಲು ಕತ್ತು ಮುಟ್ಟಿ ನೋಡಿದರು. ಬಸವಂತಪ್ಪನ ಕೈಗಳನ್ನು ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ತಮ್ಮ ಬೆರಳನ್ನೇ ನೋಡುತ್ತಿರಲು ಹೇಳಿ ಅದನ್ನು ನಿಧಾನ ಕೆಳಗಿಳಿಸಿದರು. ಗುಡ್ಡೆ ಇಳಿಯಿತು, ಮೇಲಿನ ರೆಪ್ಪೆ ಹಿಂದೆಯೇ ಉಳಿಯಿತು.

“ಕತ್ತಿನಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದು ಲಗಾಮಿಲ್ಲದೆ ಓಡ್ತಾ ಇದೆ. ಬೆವರು, ನಡುಕ, ತಿಂದದ್ದು ಮೈಗೆ ಹತ್ತದಿರುವುದು, ಸಿಟ್ಟು, ಎಲ್ಲ ಅದರದ್ದೇ.”

“ಸಿಟ್ಟೂ ರೋಗವಾ?” ಎಂದು ಪ್ರಫುಲ್ಲಾ ಕೇಳಿದಳು.

“ಸ್ವಲ್ಪ ರೋಗ. ಉಳಿದದ್ದು ಅವರ ಸ್ವಂತದ್ದಿರಬಹುದು.”

ಬಸವಂತಪ್ಪ ನಗಲಿಲ್ಲ. ಡಾಕ್ಟರು ಮುಂದುವರಿಸಿದರು. “ಇದೇ ರೋಗ ಕಣ್ಣನ್ನೂ ಹಿಡಿದಿದೆ. ಕಣ್ಣಿನ ಹಿಂದಿನ ಸ್ನಾಯು, ಕೊಬ್ಬು ಬಾತುಕೊಂಡಿವೆ. ಎಲುಬಿನ ಗೂಡು ಹಿಗ್ಗುವುದಿಲ್ಲವಲ್ಲ, ಹಾಗಾಗಿ ಗುಡ್ಡೆ ಮುಂದಕ್ಕೆ ಬರುತ್ತದೆ. ರೆಪ್ಪೆ ಮೇಲಕ್ಕೆ ಎಳೆದುಕೊಂಡಿದೆ. ಇವರು ಬರೀ ಗೋಡೆ ನೋಡಿದರೂ ಕೆಕ್ಕರಿಸಿದ ಹಾಗೇ ಕಾಣುತ್ತದೆ.”

ಪ್ರಫುಲ್ಲಾ ನೆಲ ನೋಡಿದಳು.

“ಮದ್ಲಿನಂಗ ಆಗ್ತಾವೇನ್ರಿ?” ಎಂದಳು ಚಂದ್ರವ್ವ.

“ಮಾತ್ರೆಯಿಂದ ಗ್ರಂಥಿ ಹತೋಟಿಗೆ ಬರುತ್ತದೆ. ಜ್ವರವೋ ಗಂಟಲುನೋವೋ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಇಲ್ಲಿಗೆ ಬರಬೇಕು. ಆದರೆ ಗ್ರಂಥಿ ಸರಿಹೋಯಿತೆಂದು ಕಣ್ಣು ಒಳಗೆ ಹೋಗುವುದಿಲ್ಲ. ಅದು ತನ್ನ ಪಾಡಿಗೆ ಒಂದೆರಡು ವರ್ಷ ಉರಿದು ತಣ್ಣಗಾಗಬೇಕು. ಅಲ್ಲಿಯವರೆಗೆ ಒಣಗದಂತೆ ಕಾಯುವುದೇ ನಮ್ಮ ಕೆಲಸ. ಆಮೇಲೆ ಸ್ವಲ್ಪ ಇಳಿಯಬಹುದು. ಪೂರ್ತಿ ಅಂತ ಮಾತು ಕೊಡಲಾರೆ.”

ಹಗಲು ಹನಿ ಔಷಧ, ಮಲಗುವಾಗ ಮುಲಾಮು ಹಚ್ಚಿ ಮೇಲೆ ಬಟ್ಟೆ ಪಟ್ಟಿ. ಹೊರಗೆ ಕಪ್ಪು ಕನ್ನಡಕ. ತಲೆದಿಂಬು ಎತ್ತರ. ಬೀಡಿ ಬಂದ್. ಚಂದ್ರವ್ವನಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಮುಲಾಮು ಹಚ್ಚಲು ಹೋಗಿ ಮಗನ ಹುಬ್ಬಿಗೆ ಬಳಿದಳು. ಹಾಗಾಗಿ ಸಂಜೆ ಲೋಕಲ್ ಇಳಿದವಳೇ ಪ್ರಫುಲ್ಲಾ ಎದುರಿನ ಗ್ಯಾಲರಿಗೆ ಹೋಗತೊಡಗಿದಳು.

“ಮೇಲೆ ನೋಡಿ.”

“ನೋಡಾಕತ್ತೀನಿ.”

“ನನ್ನನ್ನಲ್ಲ. ಸೂರನ್ನು.”

“ಸೂರು ಛಲೋ ಐತಿ. ಬೈಯಂಗಿಲ್ಲ.”

ಅವಳು ಬೇಕೆಂದೇ ಗಲ್ಲವನ್ನು ಒರಟಾಗಿ ಹಿಡಿದೆತ್ತಿದಳು. ಅವನು ಹಲ್ಲು ಕಚ್ಚಿದ. ಆದರೆ ರೆಪ್ಪೆಯಂಚಿಗೆ ಮುಲಾಮು ಎಳೆಯುವಾಗ ಅವಳು ಉಸಿರು ಹಿಡಿದಿರುತ್ತಿದ್ದಳು. ಅಷ್ಟು ಹತ್ತಿರದಲ್ಲಿ ಅವನಿಗದು ಗೊತ್ತಾಗುತ್ತಿತ್ತು.

“ನೀವು ಬರೂದು ಕನಿಕರದಿಂದ,” ಎಂದ ಒಂದು ದಿನ.

“ಮತ್ತೆ? ಪ್ರೀತಿಯಿಂದ ಅಂದ್ಕೊಂಡ್ರಾ?”

“ಅಂದ್ಕೊಳ್ಳಾಕ ನನಗ ಸಿಟ್ಟಿನ ರೋಗ ಐತಿ, ಹುಚ್ಚು ಹಿಡದಿಲ್ಲ.”

ಅವಳು ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿ ಹೊರಟುಹೋದಳು. ಮರುದಿನ ಬಂದಳು.

ಚಾಳು ಸುಮ್ಮನಿರಲಿಲ್ಲ. ಮೊದಲು ಬೈದವಳು ಈಗ ಅವನ ಖೋಲಿಗೇ ಹೋಗುತ್ತಾಳೆಂಬ ಮಾತು ಚೆನ್ನಯನ ಕಿವಿಗೂ ಬಿತ್ತು. ಮಂಗಳೂರಿನಲ್ಲೊಬ್ಬ ವರನಿದ್ದಾನೆ, ಮಳೆಗಾಲದ ಮೊದಲು ಮದುವೆ ಎಂದು ಅವನು ತೀರ್ಮಾನ ಹೇಳಿದ. “ಆ ಘಟ್ಟದ ಮೇಲಿನವನ ಮನೆ ಮೆಟ್ಟಿಲು ಇನ್ನೊಮ್ಮೆ ಹತ್ತಿದ್ರೆ ಈ ಮನೆ ಮೆಟ್ಟಿಲು ಮರೆತುಬಿಡು.” ಪ್ರಫುಲ್ಲಾ ಅಣ್ಣ ಹೋಟೆಲಿನಲ್ಲಿರುವ ಹೊತ್ತು ನೋಡಿ ಹೋಗಿಬರತೊಡಗಿದಳು.

ಮಾತ್ರೆಯಿಂದ ಬಸವಂತಪ್ಪನ ನಡುಕ ಇಳಿಯಿತು, ಮೈ ತುಂಬಿತು. ಕಣ್ಣು ಮಾತ್ರ ಡಾಕ್ಟರು ಹೇಳಿದಂತೆ ತನ್ನ ಪಾಡಿಗೆ ಉರಿಯುತ್ತಿತ್ತು. ಕಣ್ಣಿನ ಸ್ನಾಯುಗಳು ಬಿಗಿದು ಒಂದು ವಸ್ತು ಎರಡಾಗಿ ಕಾಣಿಸತೊಡಗಿತು. ಆಫೀಸಿನಲ್ಲಿ ಅವನೆಳೆದ ಗೋಡೆಯ ಗೆರೆ ಇರಬೇಕಾದಲ್ಲಿ ಇರಲಿಲ್ಲ. ಸಾಹೇಬರು ಅವನನ್ನು ಕೆಲಸದಿಂದ ತೆಗೆದರು. ಆ ಸಿಟ್ಟಿಗೆ ಅವನು ಕಪ್ಪು ಕನ್ನಡಕವನ್ನು ಲೋಕಲಿನ ಕಿಟಕಿಯಿಂದ ಎಸೆದು, ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ಘಾಟ್ಕೋಪರಿನವರೆಗೆ ಬಂದ.

ಮನೆಯಲ್ಲಿ ಪ್ರಫುಲ್ಲಾ ಮುಲಾಮು ಹಿಡಿದು ಕಾಯುತ್ತಿದ್ದಳು. “ನಾಳಿಂದ ಬರಬ್ಯಾಡ್ರಿ,” ಎಂದ. “ಮಂಗಳೂರಿನವ ಒಳ್ಳೇವ ಇರಬಹುದು. ಅವನ ಕಣ್ಣು ಗೂಡಿನೊಳಗ ಇರ್ತಾವ.”

“ನಾನು ಯಾರನ್ನು ಮದುವೆ ಆಗ್ಬೇಕು ಅಂತ ನೀವು ಹೇಳುದಾ?”

“ಬರಬ್ಯಾಡ್ರಿ ಅಂತ ಅಷ್ಟ ಹೇಳಾಕತ್ತೀನಿ. ಹೋಗ್ರಿ!”

ಅವಳು ಮುಲಾಮಿನ ಟ್ಯೂಬನ್ನು ಅವನೆದೆಗೆ ಎಸೆದು ಹೋದಳು. ಹಲವು ದಿನ ಬರಲಿಲ್ಲ. ಅವನೂ ಮುಲಾಮು ಹಚ್ಚಿಕೊಳ್ಳಲಿಲ್ಲ.

ಕೊನೆಗೆ ಅಂಗಳ ದಾಟಿ ಬಂದವಳು ಚಂದ್ರವ್ವ. ಚೆನ್ನಯನೆದುರೇ ಬಾಗಿಲಲ್ಲಿ ನಿಂತು, “ಬಾರವ್ವ,” ಎಂದಳು. “ಬೆಳಕು ಕಂಡ್ರ ಚೀರ್ತಾನ. ಕರಿಗುಡ್ಡಿ ಮ್ಯಾಲೆ ಬಿಳೇದೊಂದು ಚುಕ್ಕಿ ಬಂದೇತಿ.” ಪ್ರಫುಲ್ಲಾ ಅಣ್ಣನ ಮುಖ ನೋಡದೆ ಚಪ್ಪಲಿ ಮೆಟ್ಟಿದಳು.

“ಒಣಗಿ ಹುಣ್ಣಾಗಿದೆ,” ಎಂದರು ಡಾಕ್ಟರು, ಅಂದು ಅವರೂ ಸಿಟ್ಟಾಗಿದ್ದರು. “ಇನ್ನೆರಡು ದಿನ ಬಿಟ್ಟಿದ್ದರೆ ಈ ಕಣ್ಣು ಹೋಗುತ್ತಿತ್ತು. ಎರಡೂ ಕಣ್ಣಿನ ಹೊರ ಅಂಚಿನಲ್ಲಿ ಮೇಲಿನ ರೆಪ್ಪೆಯನ್ನೂ ಕೆಳಗಿನ ರೆಪ್ಪೆಯನ್ನೂ ಸೇರಿಸಿ ಹೊಲಿಯುತ್ತೇನೆ. ಕಣ್ಣು ಸಣ್ಣದಾಗುತ್ತದೆ, ಆದರೆ ಉಳಿಯುತ್ತದೆ. ಆಮೇಲೆ ಬೇಕಾದರೆ ಬಿಚ್ಚಬಹುದು.”

ಹೊಲಿಗೆಯ ನಂತರ ಅವನು ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂತಿದ್ದ. ಹುಣ್ಣು ಮಾಯುತ್ತಿತ್ತು. ಹೊರಗೆ ಮೊದಲ ಮಳೆ. ಪ್ರಫುಲ್ಲಾ ತುಸು ದೂರ ಬಿಟ್ಟು ಕೂತಳು.

“ಎಷ್ಟು ಬೆರಳು?” ಎಂದು ಕೈ ಎತ್ತಿದಳು.

“ಬೆರಳು ಬಿಡ್ರಿ. ನೀವ ಇಬ್ರು ಕಾಣಾಕತ್ತೀರಿ. ಒಬ್ಬಾಕಿನ್ನ ತಡಕೊಳ್ಳೂದ ಕಠಿಣ ಐತಿ.”

ಅವಳಿಗೆ ನಗು ಬಂತು. ಅವನು ಮಾತ್ರ ಜೇಬಿನಿಂದ ಒಂದು ಫೋಟೋ ತೆಗೆದು ಬೆಂಚಿನ ಮೇಲಿಟ್ಟ. ಅದರಲ್ಲಿ ಕೋಟು ತೊಟ್ಟ ಚೆಲುವನೊಬ್ಬ ಅರೆಮುಚ್ಚಿದ ಕಣ್ಣುಗಳಲ್ಲಿ ನಗುತ್ತಿದ್ದ.

“ಇಂವಾ ನಾನು. ಹೋದ ವರ್ಷ ತಗಸಿದ್ದು. ಈ ಮಾರಿ ಇದ್ದಿದ್ರ ನಿಮ್ಮನ್ನ ಕೇಳ್ತಿದ್ದೆ. ನಿಮ್ಮಣ್ಣನ ಮುಂದ ನಿಂತು ಕೇಳ್ತಿದ್ದೆ. ಈಗ ಕೇಳಾಂಗಿಲ್ಲ. ಈ ಮಾರಿ ಮತ್ತ ಬರ್ತೈತೋ ಇಲ್ಲೋ, ಡಾಕ್ಟರಿಗೂ ಗೊತ್ತಿಲ್ಲ.”

ಅವಳು ಫೋಟೋವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

“ಚಂದ ಇದ್ದಾರೆ. ಆದ್ರೆ ಇವರು ಯಾರು ಅಂತ ನನಗೆ ಗೊತ್ತಿಲ್ಲ ಮಾರಾಯ್ರೆ. ಇವರ ಜೊತೆ ನಾನು ಒಂದು ದಿನವೂ ಜಗಳ ಆಡ್ಲಿಲ್ಲ. ಇವರು ಮಲಗಿದ್ದಾಗ ನೊಣ ಓಡಿಸ್ಲಿಲ್ಲ. ಇವರು ಹೋಗು ಅಂದ್ರೆ ನಾನು ಹೋಗಿಬಿಡ್ತಿದ್ದೆ, ಅಳ್ತಿರ್ಲಿಲ್ಲ.”

“ಅಂದ್ರೇನ್ರಿ?”

“ನಿಮಗೆ ಎಲ್ಲವನ್ನೂ ಬಿಡಿಸಿ ಹೇಳ್ಬೇಕಾ?”

ಅವನು ಕೈ ಚಾಚಿದ. ಎರಡು ಕೈಗಳಲ್ಲಿ ಯಾವುದು ನಿಜದ್ದೆಂದು ತಿಳಿಯದೆ ಖಾಲಿ ಬೆಂಚನ್ನು ಮುಟ್ಟಿದ. ಅವಳೇ ಅವನ ಕೈ ಹಿಡಿದು ಸರಿಯಾದ ಜಾಗಕ್ಕೆ ತಂದುಕೊಂಡಳು.

ಚೆನ್ನಯ ಕೂಗಾಡಿದ. “ನಾಳೆ ಅವನು ಪೂರ್ತಿ ಕುರುಡಾದ್ರೆ?”

“ಆದ್ರೆ ಆಗ್ಲಿ ಅಣ್ಣ. ಅವರನ್ನು ಬಿಟ್ಟು ನಾನು ಮಂಗಳೂರಿಗೆ ಹೋದ್ರೆ ನನಗೂ ಎಂತದೂ ಕಾಣ್ಲಿಕ್ಕಿಲ್ಲ.”

ಅವನು ಬಾಗಿಲು ಹಾಕಿಕೊಂಡ. ರಿಜಿಸ್ಟರ್ ಮದುವೆಗೆ ಬರಲಿಲ್ಲ. ಎದುರುಬದುರಿನ ಗ್ಯಾಲರಿಯಲ್ಲಿದ್ದೂ ವರ್ಷಗಟ್ಟಲೆ ತಂಗಿಯನ್ನು ಮಾತಾಡಿಸಲಿಲ್ಲ. ಬಸವಂತಪ್ಪ ಡಾಕ್ಟರ ಸಲಹೆಯಂತೆ ಕನ್ನಡಕದ ಒಂದು ಗಾಜಿಗೆ ಕಾಗದ ಅಂಟಿಸಿಕೊಂಡು, ಒಂದೇ ಕಣ್ಣಿನಲ್ಲಿ ನಕ್ಷೆ ಬರೆದು, ವಿಲೆ ಪಾರ್ಲೆಯ ಒಬ್ಬ ಗುತ್ತಿಗೆದಾರನ ಬಳಿ ಕೆಲಸ ಹಿಡಿದ. ರೋಗ ತಣ್ಣಗಾದ ಮೇಲೆ ಸ್ನಾಯುವಿನ ಆಪರೇಷನ್ ಆಯಿತು. ಎರಡಾಗಿ ಕಾಣುವುದು ನಿಂತಿತು. ಗುಡ್ಡೆಗಳು ತುಸು ಒಳಸರಿದವು. ಫೋಟೋದ ಮುಖ ಮಾತ್ರ ಮರಳಲಿಲ್ಲ.

ಅದೆಲ್ಲ ಆಮೇಲಿನ ಮಾತು. ಮದುವೆಯ ದಿನ ಸಂಜೆ ಖೋಲಿಯಲ್ಲಿ ಮೂವರೇ ಇದ್ದರು. ಎದುರಿನ ಬಾಗಿಲು ಮುಚ್ಚಿತ್ತು. “ಅದನ್ನೇನ್ ನೋಡ್ಕೋತ ನಿಂತಿ? ರೊಟ್ಟಿ ಆರ್ತಾವ,” ಎಂದು ಚಂದ್ರವ್ವ ಸೊಸೆಯನ್ನು ಗದರಿದಳು, ಗದರುತ್ತಲೇ ತನ್ನ ಕೊರಳಿನ ಗುಂಡಿನ ಸರ ಬಿಚ್ಚಿ ಅವಳಿಗೆ ಹಾಕಿದಳು.

ಊಟವಾದ ಮೇಲೆ ಪ್ರಫುಲ್ಲಾ ಮುಲಾಮು ತಂದಳು. ಬಸವಂತಪ್ಪನ ಹೊಲಿದ ಕಣ್ಣಂಚಿನಿಂದ ನೀರಿಳಿಯುತ್ತಿತ್ತು.

“ಇದು ರೋಗದ ನೀರಲ್ಲ,” ಎಂದ ಅವನು.

“ಗೊತ್ತುಂಟು. ಸಾಕು ನಿಲ್ಸಿ, ಹಚ್ಚಿದ ಮುಲಾಮೆಲ್ಲ ತೊಳೆದು ಹೋಗ್ತದೆ,” ಎಂದು ಪ್ರಫುಲ್ಲಾ ಅವನ ಗಲ್ಲ ಎತ್ತಿ ಹಿಡಿದಳು.