ಅಕ್ಕ ಬಿಗಿದ ಹಲಗೆ

ಬೆಟ್ಟದ ನೆತ್ತಿಯಿಂದ ಹರಿದುಬರುವ ತೊರೆ ಒಂದು ಬಂಡೆಯ ಬುಡದ ಗುಹೆಯಲ್ಲಿ ಮಾಯವಾಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಕಂಡೇ ತೀರಬೇಕೆಂದು ಮೂವರು ಹೊರಟಿದ್ದರು. ಕಾರು ಅಕ್ಕನದು. ಹಗ್ಗ ಸಿಕ್ಕರೆ ಪಾತಾಳಕ್ಕೂ ಇಳಿಯುವವನು ಅವಳ ತಮ್ಮ. ಜೊತೆಗೆ, ಕಲ್ಲು ಕಂಡರೆ ಊಟ ಮರೆಯುವ ಭೂಗೋಳದ ಮೇಷ್ಟ್ರು.

ಗುಹೆಯ ಸುತ್ತ ಬಿಳಿ ಬಂಡೆಗಳು, ನಡುವೆ ಮೊಣಕಾಲೆತ್ತರದ ಹುಲ್ಲು, ಎಲ್ಲದರ ಮೇಲೆ ದಟ್ಟ ಮಂಜು. ಅವರಲ್ಲೊಂದು ಪದ್ಧತಿಯಿತ್ತು. ಯಾರಾದರೂ ಒಳಗಿರುವಷ್ಟು ಹೊತ್ತು ಕಾರಿನ ದೀಪ ಗುಹೆಯ ಬಾಯಿಗೆ ಮುಖ ಮಾಡಿ ಉರಿಯಬೇಕು. ಅಂದು ತಮ್ಮ ಇಳಿದು ಬಹಳ ಹೊತ್ತಾಗಿತ್ತು.

ಮೇಲೆಲ್ಲೋ ಮಳೆ ಸುರಿಯಿತು. ಗುಹೆಯೊಳಗಿನ ಕುಳಿಯಿಂದ ಕೂಗು ಕೇಳಿತು.

"ಅಕ್ಕಾ! ಹಗ್ಗ ಕಲ್ಲಿಗೆ ಉಜ್ಜಿ ಹರಿದುಹೋಯ್ತು! ನೀರು ಬೇರೆ ಏರ್ತಿದೆ!"

"ಎಲ್ಲೀವರೆಗೆ ಬಂತು?"

"ಮೊಣಕಾಲು!"

"ಇನ್ನೊಂದು ಹಗ್ಗ ತರ್ತೀನಿ, ಗೋಡೆ ಹಿಡ್ಕೊಂಡು ನಿಂತಿರು!"

ಅಕ್ಕ ಓಡಿದಳು, ಮೇಷ್ಟ್ರು ಏದುಸಿರು ಬಿಡುತ್ತ ಹಿಂದೆ. ಕಾರಿನ ದೀಪ ಆರಿತ್ತು. ರಿಮೋಟ್ ಒತ್ತಿದಳು. ಜಪ್ಪಯ್ಯ ಅನ್ನಲಿಲ್ಲ. ದೀಪ ಉರಿದುರಿದು ಕಾರಿನ ಬ್ಯಾಟರಿ ಸತ್ತಿತ್ತು. ಹಗ್ಗ ಡಿಕ್ಕಿಯಲ್ಲಿತ್ತು, ಡಿಕ್ಕಿಗೆ ಕೀಲಿ ತೂರಿಸುವ ತೂತೇ ಇರಲಿಲ್ಲ.

"ಊರಿಗೆ ಹೋಗಿ ಜನ ಕರ್ಕೊಂಡು ಬರೋಣಮ್ಮ," ಎಂದರು ಮೇಷ್ಟ್ರು.

"ಅಷ್ಟರಲ್ಲಿ ನೀರು ಅವನ ತಲೆ ಮೇಲೆ ಹೋಗಿರುತ್ತೆ. ಈ ತಗಡಿನ ಡಬ್ಬಿಗೆ ನಾನು ಸೋಲ್ತೀನಾ?"

ರಿಮೋಟಿನೊಳಗೆ ಅಡಗಿದ್ದ ಪುಟ್ಟ ಕೀಲಿ ಎಳೆದು ಮುಂದಿನ ಬಾಗಿಲು ತೆಗೆದಳು. ಹಿಂದಿನ ಸೀಟಿನ ಬೆನ್ನು ಮಡಚಿದಳು. ಎದುರಿಗೆ ಹಲಗೆ!

ಅವಳೇ ಬಿಗಿದಿದ್ದ ಹಲಗೆ. ಹೋದ ಸಲ ಇಳಿಜಾರಿನಲ್ಲಿ ಸಾಮಾನು ಜಾರಿ ಮೇಷ್ಟ್ರ ಬೆನ್ನಿಗೆ ಬಡಿದಿತ್ತೆಂದು ಅಡ್ಡ ಹಾಕಿದ್ದಳು. "ಆನೆ ಕಟ್ತೀಯೇನೇ?" ಎಂದು ತಮ್ಮ ನಕ್ಕಷ್ಟೂ ಒಂದೊಂದು ಸ್ಕ್ರೂ ಹೆಚ್ಚಿಗೆ ಬಿಗಿದಿದ್ದಳು. ಸ್ಕ್ರೂಡ್ರೈವರ್ ಇದ್ದದ್ದೂ ಡಿಕ್ಕಿಯಲ್ಲೇ. ಮಾಡಿದ್ದುಣ್ಣೋ ಮಹರಾಯ!

ಅವಳು ಒದ್ದಳು. ಹಲಗೆ ಅಲ್ಲಾಡಲಿಲ್ಲ.

"ಮೇಷ್ಟ್ರೇ, ನಿಮ್ಮ ಬುತ್ತಿಯ ಚಮಚ ಕೊಡಿ!"

ಚಮಚದ ಹಿಡಿ ಸ್ಕ್ರೂವಿನ ಸೀಳಿಗೆ ಕೂತಿತು. ಒಂದು ಬಂತು. ಇನ್ನೊಂದೂ ಬಂತು. ಚಮಚ ಬಾಗಿತು. ಹಲ್ಲಿನಲ್ಲಿ ಕಚ್ಚಿ ನೇರ ಮಾಡಿ ಮತ್ತೆ ತಿರುಗಿಸಿದಳು. ಬೆರಳು ಕಿತ್ತು ರಕ್ತ ಬಂತು.

ಒಂದು ಮೂಲೆ ಸಡಿಲವಾಯಿತು. ಇಬ್ಬರೂ ಹಿಡಿದು ಜಗ್ಗಿದರು. ಹಲಗೆ ಸೀಳಿತು!

ಆ ಸಂದಿಯಲ್ಲಿ ಅವಳು ನುಸುಳಿದಳು. ಹಗ್ಗದ ಸುರುಳಿ ಸಾಮಾನಿನ ಭಾರದ ಪೆಟ್ಟಿಗೆಯಡಿ ಸಿಕ್ಕಿತ್ತು. ಡಿಕ್ಕಿಯ ಮುಚ್ಚಳ ತೆಗೆಯದೆ ಅದು ಹೊರಬರುವಂತಿರಲಿಲ್ಲ. ಕತ್ತಲಲ್ಲಿ ತಡಕುತ್ತ ಹೋದ ಕೈಗೆ, ಒಳಗೆ ಸಿಕ್ಕಿಬಿದ್ದವರಿಗೆಂದೇ ಬೀಗದ ಪಕ್ಕ ಇಟ್ಟಿದ್ದ ಪುಟ್ಟ ಹಿಡಿಕೆ ತಾಕಿತು. ಎಳೆದಳು. ಟಕ್ಕೆಂದು ಬೀಗ ಬಿಟ್ಟಿತು. ತಲೆಯಿಂದಲೇ ಮುಚ್ಚಳ ಎತ್ತಿ ಹೊರಬಂದಳು.

ಅವರು ಕುಳಿಗೆ ಹಗ್ಗ ಇಳಿಬಿಟ್ಟಾಗ ನೀರು ತಮ್ಮನ ಎದೆಗೆ ಬಂದಿತ್ತು. ಈ ಸಲ ಕಲ್ಲಿನ ಅಂಚಿಗೆ ಮೇಷ್ಟ್ರು ತಾವು ತೊಟ್ಟಿದ್ದ ಕೋಟು ಮಡಚಿಟ್ಟರು. ಇಬ್ಬರೂ ಕಾಲೂರಿ ಎಳೆದರು. ಜಾರಿದರು, ಮತ್ತೆ ಎಳೆದರು.

ತಮ್ಮ ಮೇಲೆ ಬಂದು ಬಿದ್ದ. ತುಟಿ ನೀಲಿಗಟ್ಟಿತ್ತು. "ತೊರೆ ಎಡಗಡೆ ಸುರಂಗಕ್ಕೆ ಹೋಗುತ್ತೆ. ಕಣ್ಣಾರೆ ನೋಡ್ದೆ."

ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು. ಆಮೇಲೆ ತಬ್ಬಿಕೊಂಡು ಅತ್ತಳು.

ಕಾರು ಅಲ್ಲೇ ಉಳಿಯಿತು. ನಡೆದೇ ಇಳಿಯಬೇಕಿತ್ತು.

"ಡಿಕ್ಕಿ ಮುಚ್ಚಲಾ?" ಎಂದರು ಮೇಷ್ಟ್ರು.

"ಮುಟ್ಟಬೇಡಿ! ಬಾಯಿ ತೆಗೆದುಕೊಂಡೇ ಬಿದ್ದಿರಲಿ."

"ಹಗ್ಗ ಕೊಡು, ನಾನು ಹೊರ್ತೀನಿ," ಎಂದ ತಮ್ಮ, ನಡುಗುತ್ತಲೇ.

ಅಕ್ಕ ಕೊಡಲಿಲ್ಲ. ಒದ್ದೆ ಹಗ್ಗವನ್ನು ಹೆಗಲಿಗೇರಿಸಿ ಮುಂದೆ ನಡೆದಳು.