ಹಸಿರು ಪಟ್ಟಿಯ ಕಂಟ್ರೋಲರ್

ತೀರಿಕೊಂಡು ವರ್ಷವಾಗಿದ್ದ ಅಪ್ಪ ಎರಡನೇ ಸಲ ಕಾಣೆಯಾಗಿದ್ದು ಭಾನುವಾರ ಬೆಳಿಗ್ಗೆ, ಟಿ.ವಿ. ಪರದೆಯಿಂದ.

"'ಹೊಸ ಆಟ' ಅಂತ ಮಾತ್ರ ತೋರಿಸ್ತಿದೆ. 'ಮುಂದುವರಿಸಿ' ಅನ್ನೋದೇ ಇಲ್ಲ," ಎಂದ ಮಗ.

ಅವನೂ ತಂಗಿಯೂ ಅಪ್ಪನ ಹಳೆಯ ಆಟಗಳನ್ನೆಲ್ಲ ಕಂಪ್ಯೂಟರಿನ ಲಾಂಚರ್‌ಗೆ ಸೇರಿಸಿದ್ದರು. ಪರದೆಯ ಮೇಲೆ ಸಾಲಾಗಿ ಆಟಗಳ ಚಿತ್ರ. ಒತ್ತಿದರೆ ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಆಟದ ಯಂತ್ರದ ವೇಷ ಹಾಕಿಕೊಂಡು ಆಟ ಶುರು ಮಾಡುತ್ತದೆ. ಅಪ್ಪ ಕೋಟೆಯ ಕೊನೆಯ ಬಾಗಿಲ ಮುಂದೆ ಬಿಟ್ಟುಹೋದ ಆಟವನ್ನೂ ಮೆಮೊರಿ ಕಾರ್ಡಿನಿಂದ ಇಳಿಸಿಕೊಂಡಿದ್ದರು. ಆಮೇಲೆ ಕಾರ್ಡ್ ಕೈಕೊಟ್ಟಿತು. ಉಳಿದಿದ್ದು ಆ ಒಂದೇ ಫೈಲ್. ಇಂದು ಎಲ್ಲರೂ ಕೂತು ಅದನ್ನು ಮುಗಿಸುವುದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಮ್ಮ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದರು.

*

ಸೋದರತ್ತೆಗೆ ಫೋನ್ ಹೋಯಿತು. ಅಪ್ಪನ ತಂಗಿ, ನಿವೃತ್ತ ಇನ್ಸ್‌ಪೆಕ್ಟರ್. ಚಪ್ಪಲಿ ಬಿಡುತ್ತಲೇ ವಿಚಾರಣೆ ಶುರು.

"ನಿನ್ನೆ ರಾತ್ರಿ ನಾನು ಎಮ್ಯುಲೇಟರ್ ಬದಲಾಯಿಸಿದೆ ಅಷ್ಟೇ ಅತ್ತೆ. ಏನೂ ಅಳಿಸಿಲ್ಲ," ಎಂದಳು ಮಗಳು, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮಗ ಹಾರಿಬಿದ್ದ. "ಹೊಸದು ತನ್ನ ಫೋಲ್ಡರ್‌ನಲ್ಲಿ ಮಾತ್ರ ಹುಡುಕತ್ತೆ. ಅದಕ್ಕೇ ಸಿಕ್ಕಿಲ್ಲ."

"ಹಳೇದನ್ನೇ ಹಾಕಿ ನೋಡು," ಎಂದರು ಅತ್ತೆ.

ಹಾಕಿದ. ಹಳೆಯ ಫೋಲ್ಡರ್ ಕೂಡ ಖಾಲಿ. ಅಳಿಸಿದ ಫೈಲುಗಳ ಬುಟ್ಟಿಯೂ ಖಾಲಿ.

"ಅಂದ್ರೆ ಯಾರೋ ಎತ್ತಿಟ್ಟಿದ್ದಾರೆ," ಎಂದರು ಅತ್ತೆ. ಆಟದ ಚಿತ್ರದ ಕೆಳಗೆ ಲಾಂಚರ್ ಅದನ್ನು ತೆರೆದ ಸಮಯಗಳನ್ನು ಬರೆದಿಟ್ಟಿತ್ತು: ಇಂದಿನದಕ್ಕೆ ಮೊದಲಿನದು ನಿನ್ನೆ ಮಧ್ಯಾಹ್ನ. ಆಗ ಮಕ್ಕಳಿಬ್ಬರೂ ಆಫೀಸಿನಲ್ಲಿದ್ದರು.

ಅತ್ತೆ ಟಿ.ವಿ. ಕೆಳಗಿನ ಡ್ರಾಯರ್ ಎಳೆದರು. ಕೈಯಲ್ಲಿ ಹಿಡಿದು ಆಟ ಆಡುವ ಎರಡು ಕಂಟ್ರೋಲರ್ ಇದ್ದವು. ಮೇಲಿದ್ದ ಅಪ್ಪನ ಕಂಟ್ರೋಲರಿನ ವೈರ್‌ಗೆ ರಬ್ಬರ್ ಬ್ಯಾಂಡ್ ಸುತ್ತಿದಂತೆಯೇ ಇತ್ತು. ಅಡಿಯಲ್ಲಿದ್ದ, ಹಸಿರು ಪಟ್ಟಿ ಅಂಟಿಸಿದ ಎರಡನೆಯದರ ವೈರ್ ಬಿಚ್ಚಿತ್ತು.

ಅತ್ತೆ ಅದನ್ನು ಹಿಡಿದುಕೊಂಡೇ ಅಮ್ಮನ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

*

"ಎಲ್ಲಿಟ್ಟಿದ್ದೀರಿ ಅತ್ತಿಗೆ?"

ಅಮ್ಮ ಕನ್ನಡಕದ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ನೀನಾ?"

"ಬೇರೆ ಯಾರಾದ್ರೂ ಮೇಲಿರೋದನ್ನೇ ತಗೋತಿದ್ರು," ಎಂದರು ಅತ್ತೆ. "ಇದು ಇಬ್ಬರು ಸೇರಿ ಆಡೋ ಆಟ. ಅಣ್ಣ ಕತ್ತಿಯವನನ್ನ ಆಡಿಸ್ತಿದ್ದ, ಅತ್ತಿಗೆ ಈ ಹಸಿರು ಪಟ್ಟಿಯದ್ರಲ್ಲಿ ದೀಪದವಳನ್ನ. ಅವನ ಕಂಟ್ರೋಲರನ್ನ ಇವರು ಯಾವತ್ತೂ ಮುಟ್ಟಿಲ್ಲ. ನಿನ್ನೆ ಕೂಡ ಮುಟ್ಟೋಕೆ ಮನಸ್ಸು ಬಂದಿಲ್ಲ."

"ಆಡಲಿಲ್ಲ. ನೋಡ್ತಾ ಕೂತಿದ್ದೆ," ಎಂದರು ಅಮ್ಮ. "ಯಾರೂ ಗುಂಡಿ ಒತ್ತದಿದ್ರೆ ನಿಮ್ಮಪ್ಪ ಕತ್ತಿ ಹಿಡ್ಕೊಂಡು ಬಾಗಿಲ ಮುಂದೆ ಆಕಳಿಸ್ತಾ ನಿಂತಿರ್ತಾರೆ. ನೀವು ಇವತ್ತು ಮುಗಿಸಿಬಿಡ್ತೀವಿ ಅಂದ್ರಿ. ನನಗೆ ಹೆದರಿಕೆ ಆಯ್ತು. ನೀವು ಇಳಿಸೋದನ್ನ ನೋಡಿದ್ದೆನಲ್ಲ, ಹಾಗೇ ಎತ್ತಿಟ್ಟೆ."

"ಇನ್ನೊಂದು ಪ್ರತಿ ಮಾಡಬಹುದಮ್ಮ," ಎಂದಳು ಮಗಳು ಮೆಲ್ಲಗೆ. "ಒಂದರಲ್ಲಿ ಆಡೋಣ. ಇನ್ನೊಂದರಲ್ಲಿ ಅಪ್ಪ ಅಲ್ಲೇ ನಿಂತಿರ್ತಾರೆ."

"ಆಕಳಿಸ್ತಾ?"

"ಆಕಳಿಸ್ತಾ."

ಪ್ರತಿಯಾಯಿತು. ಅಪ್ಪನ ಕಂಟ್ರೋಲರ್ ಅತ್ತೆಯ ಕೈಗೆ ಬಂತು. ಅಮ್ಮ ಹಸಿರು ಪಟ್ಟಿಯದನ್ನು ಎತ್ತಿಕೊಂಡು, ದೀಪದವಳನ್ನು ನೇರವಾಗಿ ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಒಂದು ಬಿರುಕಿನ ಹತ್ತಿರ ನಡೆಸಿದರು. ದೀಪದ ಬೆಳಕು ಬಿರುಕಿನೊಳಗೆ ಬಿದ್ದದ್ದೇ ಬಾಗಿಲು ತೆರೆಯಿತು.

"ಇಷ್ಟು ಸುಲಭಾನಾ? ಅಪ್ಪ ವರ್ಷಗಟ್ಟಲೆ ಒದ್ದಾಡಿದ್ರು," ಎಂದ ಮಗ. "ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೇಳಿದ್ರೆ ದಿನಾ ಸಂಜೆ ನನ್ನ ಪಕ್ಕ ಬಂದು ಯಾರು ಕೂರ್ತಿದ್ರು?"