ಹತ್ತೊಂಬತ್ತು ದಿನ ಕರೆಂಟಿಲ್ಲದ ಊರು

ಕಡ್ಲಿಗಟ್ಟಿ ಪಟ್ಟಣದ ಬಚ್ಚಲು, ಪಾಯಿಖಾನೆಗಳ ನೀರು ಊರಾಚೆಯ ಎಂಟು ತೊಟ್ಟಿಗಳಿಗೆ ಹರಿದು ಬಂದು, ಅಲ್ಲಿಂದ ವಿದ್ಯುತ್ತಾಗಿ ಅದೇ ಮನೆಗಳಿಗೆ ಮರಳುತ್ತಿತ್ತು. 2058ರ ಹೊತ್ತಿಗೆ ಅಲ್ಲಿ ಯಾರಿಗೂ ಇದು ಸೋಜಿಗವೆನಿಸುತ್ತಿರಲಿಲ್ಲ. ತೊಟ್ಟಿಗಳೊಳಗೆ ಇಂಗಾಲದ ನಾರಿನ ಕುಂಚಗಳು ಸಾಲಾಗಿ ಇಳಿಬಿದ್ದಿದ್ದವು. ಅವುಗಳ ಮೇಲೆ ಲೋಳೆಯಂತೆ ಹಬ್ಬಿದ ಬ್ಯಾಕ್ಟೀರಿಯಾಗಳು ಕೊಳಚೆಯನ್ನು ತಿನ್ನುತ್ತ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ. ಅವನ್ನು ತಂತಿಯಲ್ಲಿ ಹರಿಸಿದರೆ ಅದೇ ವಿದ್ಯುತ್ತು. ತತ್ತ್ವ ಹಳೆಯದೇ. ಆದರೆ ಹಿಂದೆಲ್ಲ ಅದರಿಂದ ಪುಟ್ಟದೊಂದು ದೀಪ ಉರಿದರೆ ಹೆಚ್ಚಾಗಿತ್ತು. ಡಾ. ನಫೀಸಾ ಮುಲ್ಲಾ ಹನ್ನೊಂದು ವರ್ಷ ದುಡಿದು ಬೆಳೆಸಿದ ತಳಿ ಮಾತ್ರ ಸೂಕ್ಷ್ಮವಾದ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು, ಒಂದು ಊರಿಗೆ ಸಾಲುವಷ್ಟು ಕರೆಂಟು ಕೊಡುತ್ತಿತ್ತು.

ತೊಟ್ಟಿಗಳ ಉಸ್ತುವಾರಿ ಹುಲಿಗೆಮ್ಮನದು. ಐವತ್ತರ ಹೆಂಗಸು. ಮೀಟರು ನೋಡುವ ಮೊದಲೇ ನೀರಿನ ವಾಸನೆ ಹಿಡಿದು ಒಳಗಿನ ಸ್ಥಿತಿ ಹೇಳುತ್ತಿದ್ದಳು. ಅವಳ ಅಪ್ಪ ಊರಿನ ಗಟಾರು ಕಟ್ಟಿಕೊಂಡಾಗಲೆಲ್ಲ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದವನು. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಸೋಮವಾರ ಇಳಿದವನು ಜೀವಂತ ಮೇಲೆ ಬರಲಿಲ್ಲ.

ಮಾರ್ಚಿನ ಒಂದು ಬೆಳಗ್ಗೆ ನೀರು ಮೂಗಿಗೆ ಹುಳಿಯಾಗಿ ಬಡಿಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು ಯಾರೋ ಆಮ್ಲವನ್ನು ಗಟಾರಿಗೆ ಸುರಿದಿದ್ದರು. ಹುಲಿಗೆಮ್ಮ ಕೂಡಲೇ ಗುಂಡಿ ಒತ್ತಿದಳು. ನೆಲದಡಿಯ ಕಬ್ಬಿಣದ ಬಾಗಿಲು ಮುಚ್ಚಿ, ವಿಷದ ನೀರು ಬೇರೆ ಹೊಂಡಕ್ಕೆ ತಿರುಗಬೇಕಿತ್ತು. ಬಾಗಿಲು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು.

ದುರಸ್ತಿಯ ಯಂತ್ರ ಜಿಲ್ಲಾ ಕೇಂದ್ರದಿಂದ ಬರಲು ನಾಲ್ಕು ತಾಸು ಬೇಕು. ಬ್ಯಾಕ್ಟೀರಿಯಾಗಳು ಒಂದು ತಾಸು ತಡೆದರೆ ಹೆಚ್ಚು ಎಂದು ನಫೀಸಾ ಲೆಕ್ಕ ಹಾಕಿದರು. ಫಿಟ್ಟರ್ ಯಮನೂರಪ್ಪ ಆಗಲೇ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಹದಿನೆಂಟು ಅಡಿ ಇಳಿದು ಒಂದು ಸಲ ಹಾರೆ ಹಾಕಿ ಮೀಟಿದರೆ ಮುಗಿಯಿತು, ಐದು ನಿಮಿಷದ ಕೆಲಸ ಎಂದ. ನಫೀಸಾ ಪರದೆಯ ಮೇಲೆ ಇಳಿಯುತ್ತಿದ್ದ ಅಂಕಿಗಳನ್ನು ನೋಡುತ್ತ ನಿಂತಿದ್ದರು. ಇಳಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹುಲಿಗೆಮ್ಮ ಹೋಗಿ ಹಗ್ಗ ಹಿಡಿದು ಅವನನ್ನು ತಡೆದಳು. ಕೊಳಚೆಗೆ ಆಮ್ಲ ಸೇರಿದರೆ ಏಳುವ ಗಾಳಿ ಎರಡು ಉಸಿರಿಗೆ ಆಳನ್ನು ಕೆಡಹುತ್ತದೆಂದು ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

"ನಿಮ್ಮ ಹುಳ ಮತ್ತ ಹುಟ್ಟತಾವ್ರಿ, ಮೇಡಂ," ಅಂದಳು. "ಇಂವ ಹುಟ್ಟಂಗಿಲ್ಲ."

ನಫೀಸಾ ಪರದೆ ಬಿಟ್ಟು ತಾವೇ ಮುಂದೆ ಬಂದು ಯಮನೂರಪ್ಪನ ಸೊಂಟದ ಗಂಟು ಬಿಚ್ಚಿದರು. ಮಧ್ಯಾಹ್ನದೊಳಗೆ ಎಂಟರಲ್ಲಿ ಏಳು ತೊಟ್ಟಿ ಸತ್ತವು. ಸಾಲಿನ ಕೊನೆಯಲ್ಲಿದ್ದು ಉಳಿದುಕೊಂಡ ಒಂದು ಆಸ್ಪತ್ರೆಗೆ ಮಾತ್ರ ಸಾಲುವಂತಿತ್ತು.

ಊರು ಹತ್ತೊಂಬತ್ತು ದಿನ ಕತ್ತಲಾಯಿತು. ಮೊದಲ ವಾರ ಜನ ಗೇಟಿನ ಮುಂದೆ ಗುಂಪುಗೂಡಿ ಕೇಳಿದರು: ಒಬ್ಬನನ್ನು ಇಳಿಸಿದ್ದರೆ ಆಗುತ್ತಿರಲಿಲ್ಲವೇ? ಹುಲಿಗೆಮ್ಮ ಸಿಟ್ಟಾಗಲಿಲ್ಲ. ಬಂದವರನ್ನು ಆ ಗುಂಡಿಯ ಬಳಿಗೆ ಕರೆದೊಯ್ದು, ಗಾಳಿ ಅಳೆಯುವ ಉಪಕರಣವನ್ನು ದಾರ ಕಟ್ಟಿ ಒಳಗಿಳಿಸಿ, ಅದರ ಕೆಂಪು ದೀಪ ಹೊತ್ತುವುದನ್ನು ತೋರಿಸಿದಳು. "ಯಾರನ್ನ ಇಳಿಸೂಣು, ನೀವ ಹೇಳ್ರಿ," ಎಂದು ಕೇಳಿದಳು. ಗುಂಪು ಒಬ್ಬೊಬ್ಬರಾಗಿ ಮನೆಯತ್ತ ಕರಗಿತು. ಎರಡನೆಯ ವಾರ ಅವರಲ್ಲೇ ಕೆಲವರು ಬೀದಿ ಬೀದಿ ಹುಡುಕಿ, ಆಮ್ಲ ಸುರಿದ ಕಾರ್ಖಾನೆಯನ್ನು ಪತ್ತೆಮಾಡಿದರು.

ಉಳಿದ ತೊಟ್ಟಿಯಿಂದ ನಫೀಸಾ ಲೋಳೆಯನ್ನು ಕೆರೆದು ತಂದು ಏಳಕ್ಕೂ ಹೆಪ್ಪು ಹಾಕಿದರು, ಹಾಲಿಗೆ ಹಾಕುವಂತೆ. ಅದು ದಿನದಿಂದ ದಿನಕ್ಕೆ ಹಬ್ಬಿತು. ಇತ್ತ ಯಮನೂರಪ್ಪ, ಬಾಗಿಲು ಸಿಕ್ಕಿಕೊಂಡರೆ ಮೇಲೆ ನಿಂತೇ ಎಳೆಯಲು, ಜಿಲ್ಲಾ ಕೇಂದ್ರದಿಂದ ಬಂದ ಯಂತ್ರದಿಂದ ಅದಕ್ಕೆ ಸರಪಳಿ ಕಟ್ಟಿಸಿ ಗಾಲಿ ಕೂರಿಸಿದ. ಇಪ್ಪತ್ತನೆಯ ದಿನ ಸಂಜೆ ಬೀದಿಗಳು ಬೆಳಗಿದವು.

ಗಾಲಿ ತಿರುಗಿಸಿ ನೋಡಿದ ನಫೀಸಾ, ಎಷ್ಟು ಹಗುರ ಎಂದು ಬೆರಗಾದರು. ನಿಮ್ಮ ಅಪ್ಪನ ಕಾಲದಲ್ಲಿ ಇಂಥದ್ದನ್ನು ಮಾಡುವ ಸಾಧನವೇ ಇರಲಿಲ್ಲವೇ ಎಂದು ಹುಲಿಗೆಮ್ಮನನ್ನು ಕೇಳಿದರು.

ಹುಲಿಗೆಮ್ಮ ಕೈ ಒರೆಸಿಕೊಂಡಳು.

"ಆವಾಗೂ ಸರಪಳಿ ಇದ್ದವ್ರಿ ಮೇಡಂ, ಗಾಲಿನೂ ಇದ್ದವು. ಮಷೀನ್ ಸೈತ ಬಂದಿದ್ದವು. ಈ ಸಲ ಊರಿಗೂರ ಕತ್ತಲಾತು, ಅದಕ್ಕ ಗಾಲಿ ಬಂತು. ಆದರ ಆಗ ಗಟಾರಿನ್ಯಾಗ ಅಪ್ಪ ಸತ್ತರ ಯಾರ ಮನಿ ದೀಪಾನೂ ಆರತಿದ್ದಿಲ್ಲ, ನಮ್ಮ ಮನೀದ ಬಿಟ್ಟು."